ತಾರಸಿಯ ಚೀಲಗಳಲ್ಲಿ ಆಲೂಗೆಡ್ಡೆ: ಮೈಸೂರಿನ ಹವೆಗೆ ಯಾವ ತಿಂಗಳು ಸರಿ?

ಪ್ರಶ್ನೆ: ತಾರಸಿ ತೋಟ, ಕುವೆಂಪುನಗರ, ಮೈಸೂರು

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ತಾರಸಿಯ ಮೇಲೆ ಕುಂಡ ಮತ್ತು ಗ್ರೋ ಬ್ಯಾಗುಗಳಲ್ಲಿ ಸೊಪ್ಪು, ಬದನೆ, ಟೊಮೆಟೊ, ಹಸಿಮೆಣಸಿನಕಾಯಿಗಳನ್ನು ಬೆಳೆದು ಅಭ್ಯಾಸವಿದೆ. ಈ ಸಲ ಆಲೂಗೆಡ್ಡೆಯನ್ನೂ ಹಾಕೋಣ ಎಂಬ ಮನಸ್ಸಾಗಿದೆ. ಮಣ್ಣಿಗೆ ಕೈ ಹಾಕುವ ಮೊದಲು ತಿಳಿದವರನ್ನು ಕೇಳುವುದು ಒಳ್ಳೆಯದೆಂದು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಸಂಶಯಕ್ಕೆ ಕಾರಣ ಪಕ್ಕದ ಮನೆಯವರ ತಾರಸಿ. ಅವರು ಫೆಬ್ರವರಿಯ ಕೊನೆಯಲ್ಲಿ ನೆಟ್ಟ ಗಿಡಗಳು ಏಪ್ರಿಲ್ ವೇಳೆಗೆ ಸೊಂಟದೆತ್ತರಕ್ಕೆ ಬೆಳೆದು, ನೋಡಿದವರೆಲ್ಲ ಹೊಗಳುವಷ್ಟು ಸೊಂಪಾಗಿದ್ದವು. ನೀರಿಗಾಗಲಿ ಗೊಬ್ಬರಕ್ಕಾಗಲಿ ಕೊರತೆಯಿರಲಿಲ್ಲ. ಆದರೆ ಮೇ ತಿಂಗಳಲ್ಲಿ ಚೀಲಗಳನ್ನು ಮಗುಚಿ ಮಣ್ಣು ಕೆದಕಿದಾಗ ಸಿಕ್ಕಿದ್ದು ಗೋಲಿಗಾತ್ರದ ಗೆಡ್ಡೆಗಳು, ಅವೂ ಒಂದು ಹಿಡಿಯಷ್ಟೇ. ಇಷ್ಟು ಚೆನ್ನಾಗಿ ಬೆಳೆದ ಗಿಡದ ಬುಡದಲ್ಲಿ ಗೆಡ್ಡೆ ಏಕೆ ಕಟ್ಟಲಿಲ್ಲ ಎಂಬುದು ಅವರಿಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ.

ನನಗೆ ಬೇಕಾದ ಮಾಹಿತಿ ಇಷ್ಟು. ಮೈಸೂರಿನಲ್ಲಿ ಇದನ್ನು ಯಾವ ತಿಂಗಳಲ್ಲಿ ನೆಡಬೇಕು? ತರಕಾರಿ ಅಂಗಡಿಯ ಆಲೂಗೆಡ್ಡೆಯನ್ನೇ ಬಿತ್ತನೆಗೆ ಬಳಸಬಹುದೇ? ಅಡುಗೆಮನೆಯ ಬುಟ್ಟಿಯಲ್ಲಿ ಕೆಲವು ತಾನಾಗಿಯೇ ಮೊಳೆಯುತ್ತವೆ, ಕೆಲವು ಎಷ್ಟು ದಿನವಿಟ್ಟರೂ ಹಾಗೇ ಉಳಿದು ಸುಕ್ಕುಗಟ್ಟುತ್ತವೆ. ಚೀಲ ಎಷ್ಟು ದೊಡ್ಡದಿರಬೇಕು? ಕೊನೆಯದಾಗಿ, ಗಿಡ ಬೆಳೆದಂತೆಲ್ಲ ಮಣ್ಣು ಏರಿಸುತ್ತಾ ಹೋಗಿ ಆಳೆತ್ತರದ ಗೋಪುರ ಕಟ್ಟಿದರೆ ತಳದಿಂದ ತುದಿಯವರೆಗೂ ಗೆಡ್ಡೆ ಬಿಡುತ್ತದೆಂದು ಹಲವು ವಿಡಿಯೊಗಳಲ್ಲಿ ತೋರಿಸುತ್ತಾರೆ. ಅದು ನಿಜವೇ?

ಉತ್ತರ 1: ಹಾಸನದ ಕಡೆಯ ಬೇಸಾಯದ ಮನೆತನ, ಈಗ ವಾಸ ಮೈಸೂರಿನ ವಿಜಯನಗರ

ನಿಮ್ಮ ನೆರೆಯವರ ಗಿಡಗಳಿಗೆ ಬಂದದ್ದು ರೋಗವಲ್ಲ. ಅವರು ನೆಟ್ಟ ಕಾಲ ಸರಿಯಿರಲಿಲ್ಲ. ನಿಮ್ಮ ಉಳಿದ ಪ್ರಶ್ನೆಗಳ ಉತ್ತರವೂ ಬಹುಮಟ್ಟಿಗೆ ಇದರ ಮೇಲೆಯೇ ನಿಂತಿರುವುದರಿಂದ ಮೊದಲು ಇದನ್ನೇ ವಿವರವಾಗಿ ಹೇಳುತ್ತೇನೆ.

ಆಲೂಗೆಡ್ಡೆ ಬೇರಿನ ಭಾಗವಲ್ಲ, ಕಾಂಡದ ಭಾಗ. ನೆಟ್ಟ ಗೆಡ್ಡೆಯಿಂದ ಮೊಳಕೆ ಮೇಲೆದ್ದಾಗ, ಮಣ್ಣಿನೊಳಗೆ ಹುದುಗಿದ ಕಾಂಡದ ಗಿಣ್ಣುಗಳಿಂದ ಬಿಳಿಯ ಎಳೆಗಳಂಥ ಕವಲುಗಳು ಅಡ್ಡಡ್ಡಲಾಗಿ ಹೊರಡುತ್ತವೆ. ಅವುಗಳ ತುದಿ ಊದಿಕೊಂಡಾಗ ಅದು ಗೆಡ್ಡೆಯಾಗುತ್ತದೆ. ಊದಿಕೊಳ್ಳಬೇಕೋ ಬೇಡವೋ ಎಂಬುದನ್ನು ಗಿಡವು ಗೊಬ್ಬರಕ್ಕಿಂತ ಹೆಚ್ಚಾಗಿ ರಾತ್ರಿಯ ತಂಪನ್ನೂ ಹಗಲಿನ ಉದ್ದವನ್ನೂ ನೋಡಿ ನಿರ್ಧರಿಸುತ್ತದೆ. ಮಣ್ಣಿನ ಉಷ್ಣತೆ 15ರಿಂದ 20 ಡಿಗ್ರಿ ಸೆಲ್ಸಿಯಸ್ ಇದ್ದಾಗ ಗೆಡ್ಡೆ ಚೆನ್ನಾಗಿ ಕಟ್ಟುತ್ತದೆ. ರಾತ್ರಿಯ ಉಷ್ಣತೆ 20–22 ಡಿಗ್ರಿ ದಾಟುತ್ತಾ ಹೋದಂತೆ ಆ ಕೆಲಸ ನಿಧಾನವಾಗಿ, ಮಣ್ಣು 30 ಡಿಗ್ರಿಯ ಹತ್ತಿರ ಕಾದಾಗ ಬಹುತೇಕ ನಿಂತೇ ಹೋಗುತ್ತದೆ. ಆಗ ಎಲೆ ತಯಾರಿಸಿದ ಆಹಾರವೆಲ್ಲ ಕೆಳಗಿಳಿಯದೆ ಮೇಲಿನ ಬೆಳವಣಿಗೆಗೇ ಖರ್ಚಾಗಿ ಗಿಡ ಸೊಂಪಾಗಿ ಕಾಣುತ್ತದೆ. ಏಪ್ರಿಲ್‌ನಲ್ಲಿ ಮೈಸೂರಿನ ಹಗಲಿನ ಉಷ್ಣತೆ 34 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ, ರಾತ್ರಿಯೂ 20ಕ್ಕಿಂತ ಕೆಳಗೆ ಇಳಿಯುವುದು ಅಪರೂಪ. ತಾರಸಿಯ ಕಾಂಕ್ರೀಟಿನ ಮೇಲೆ ಬಿಸಿಲಿನಲ್ಲಿ ನಿಂತ ಚೀಲದ ಮಣ್ಣು ಗಾಳಿಗಿಂತಲೂ ಹೆಚ್ಚು ಕಾಯುತ್ತದೆ. ನೆರೆಯವರ ಗಿಡ ಅಷ್ಟೆತ್ತರ ಬೆಳೆದದ್ದಕ್ಕೂ ಗೆಡ್ಡೆ ಗೋಲಿಯಷ್ಟೇ ಆದದ್ದಕ್ಕೂ ಕಾರಣ ಈ ಸೆಕೆಯೊಂದೇ.

ಮೈಸೂರಿನಲ್ಲಿ ಈ ಬೆಳೆಗೆ ಒಪ್ಪುವ ಕಿಟಕಿ ಚಿಕ್ಕದು. ಡಿಸೆಂಬರ್–ಜನವರಿಯಲ್ಲಿ ಇಲ್ಲಿನ ರಾತ್ರಿಯ ಉಷ್ಣತೆ 16–17 ಡಿಗ್ರಿಯವರೆಗೆ ಇಳಿಯುತ್ತದೆ, ಹಗಲು 28ರ ಸುತ್ತ ಇರುತ್ತದೆ. ಗೆಡ್ಡೆ ಕಟ್ಟುವ ಹಂತ ಈ ಎರಡು ತಿಂಗಳುಗಳಲ್ಲಿ ಬೀಳುವಂತೆ ಹಿಂದಕ್ಕೆ ಲೆಕ್ಕ ಹಾಕಿ ನೆಡಬೇಕು. ನೆಟ್ಟ ಎರಡು–ಮೂರು ವಾರಗಳಲ್ಲಿ ಮೊಳಕೆ ಮಣ್ಣಿನಿಂದ ಹೊರಗೆ ಬರುತ್ತದೆ, 30ರಿಂದ 45 ದಿನಗಳೊಳಗೆ ಗೆಡ್ಡೆ ಕಟ್ಟಲು ಆರಂಭವಾಗುತ್ತದೆ, 90–100 ದಿನಗಳಿಗೆ ಕೀಳಲು ಬರುತ್ತದೆ. ಆದ್ದರಿಂದ ಅಕ್ಟೋಬರ್ ಕೊನೆಯ ವಾರದಿಂದ ನವೆಂಬರ್ ಹದಿನೈದರವರೆಗೆ ನೆಡುವುದು ಸರಿ. ಅಕ್ಟೋಬರ್ ನಮ್ಮಲ್ಲಿ ಹಿಂಗಾರು ಜೋರಾಗಿರುವ ತಿಂಗಳಾದ್ದರಿಂದ ಆರಂಭದಲ್ಲೇ ಅವಸರ ಮಾಡಿದರೆ ನೆಟ್ಟ ಗೆಡ್ಡೆ ಚೀಲದಲ್ಲೇ ಕೊಳೆಯಬಹುದು. ಡಿಸೆಂಬರ್ ಮಧ್ಯದವರೆಗೆ ತಡ ಮಾಡಿದರೆ ಗೆಡ್ಡೆ ದಪ್ಪವಾಗುವ ಹೊತ್ತಿಗೆ ಶಿವರಾತ್ರಿಯ ಬಿಸಿಲು ಬಂದಿರುತ್ತದೆ. ವಸಂತದಲ್ಲಿ ನೆಡಿ ಎಂದು ಹೇಳುವ ವಿಡಿಯೊಗಳು ಚಳಿದೇಶಗಳವು. ಅಲ್ಲಿ ಹಿಮ ಕರಗಿದ ಮೇಲೆ ನೆಡುವುದೇ ಸರಿಯಾದ ಕ್ರಮ, ಇಲ್ಲಿ ಅದನ್ನು ಅನುಸರಿಸಿದರೆ ಫಲ ತಲೆಕೆಳಗಾಗುತ್ತದೆ.

ಹಾಸನದಲ್ಲಿ ಮೇ–ಜೂನ್‌ನಲ್ಲಿ ನೆಡುತ್ತಾರಲ್ಲ ಎಂದು ಯಾರಾದರೂ ಕೇಳುವ ಮೊದಲೇ ಹೇಳಿಬಿಡುತ್ತೇನೆ. ಹಾಸನ ಸಮುದ್ರಮಟ್ಟದಿಂದ ಮೈಸೂರಿಗಿಂತ ಎತ್ತರದಲ್ಲಿದೆ, ಮಲೆನಾಡಿನ ಅಂಚಿನಲ್ಲಿದೆ, ಮುಂಗಾರಿನ ಮೋಡ ಕವಿದ ಮೇಲೆ ಅಲ್ಲಿನ ಹೊಲ ತಂಪಾಗಿರುತ್ತದೆ. ಅಲ್ಲಿನದು ಮಳೆಯಾಶ್ರಿತ ಬೆಳೆ, ಅದಕ್ಕೆ ಎಲೆಯನ್ನು ಕಪ್ಪಾಗಿಸುವ ಅಂಗಮಾರಿ ರೋಗದ ಕಾಟ ಎಷ್ಟೆಂಬುದು ಆ ಕಡೆಯವರಿಗೆಲ್ಲ ಗೊತ್ತು. ತಾರಸಿಯವರು ಅನುಸರಿಸಬೇಕಾದದ್ದು ಕೋಲಾರ, ಚಿಕ್ಕಬಳ್ಳಾಪುರದ ರೈತರು ನೀರಾವರಿಯಲ್ಲಿ ತೆಗೆಯುವ ಹಿಂಗಾರು ಬೆಳೆಯ ಕ್ರಮವನ್ನು.

ಬಿತ್ತನೆಯ ವಿಷಯ. ಅಂಗಡಿಯ ಗೆಡ್ಡೆ ಮೊಳೆಯದಿರುವುದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು ಸುಪ್ತಾವಸ್ಥೆ: ಹೊಲದಿಂದ ಕಿತ್ತ ಗೆಡ್ಡೆ ಎರಡು–ಎರಡೂವರೆ ತಿಂಗಳು ನಿದ್ದೆಯಲ್ಲಿರುತ್ತದೆ. ಎರಡನೆಯದು, ತಿನ್ನುವ ಗೆಡ್ಡೆಗೆ ಮೊಳಕೆ ಬಾರದಂತೆ ಕೆಲವು ಶೀತಗೃಹಗಳಲ್ಲಿ ಕ್ಲೋರ್‌ಪ್ರೊಫಾಮ್ ಎಂಬ ರಾಸಾಯನಿಕದ ಹೊಗೆ ಕೊಡುತ್ತಾರೆ. ಅಂಥ ಗೆಡ್ಡೆ ಮೊಳೆತರೂ ಮೊಳಕೆ ಕುಂಟುತ್ತದೆ. ಅಂಗಡಿಯಲ್ಲಿ ಆರಿಸುವಾಗ ಹೆಬ್ಬೆರಳಿನಿಂದ ಸಿಪ್ಪೆಯನ್ನು ಒತ್ತಿ ಉಜ್ಜಿ ನೋಡಿ. ತೆಳ್ಳಗೆ ಸುಲಿದು ಬಂದರೆ ಅದು ಹೊಸ ಬೆಳೆ, ಸದ್ಯಕ್ಕೆ ಮೊಳೆಯುವುದಿಲ್ಲ. ಸಿಪ್ಪೆ ಗಟ್ಟಿಯಾಗಿದ್ದು, ಕಣ್ಣುಗಳಲ್ಲಿ ಸಾಸಿವೆಕಾಳಿನಷ್ಟು ಉಬ್ಬು ಕಾಣುತ್ತಿದ್ದರೆ ಅದನ್ನು ತನ್ನಿ. ಸಾಧ್ಯವಿದ್ದರೆ ಬಿತ್ತನೆಗೆಂದೇ ಮಾರುವ ಗೆಡ್ಡೆಯನ್ನು ಒಂದೆರಡು ಕಿಲೋ ತರಿಸಿಕೊಳ್ಳುವುದು ಉತ್ತಮ. ನಮ್ಮ ಕಡೆಯ ರೈತರು ಹೆಚ್ಚಾಗಿ ಹಾಕುವುದು 1968ರಲ್ಲಿ ಬಿಡುಗಡೆಯಾದ ಕುಫ್ರಿ ಜ್ಯೋತಿಯನ್ನು. ಶಿಮ್ಲಾದ ಕೇಂದ್ರೀಯ ಆಲೂಗೆಡ್ಡೆ ಸಂಶೋಧನಾ ಸಂಸ್ಥೆಯವರು ಸೆಕೆ ತಾಳುವಂತೆ ರೂಪಿಸಿದ ಕುಫ್ರಿ ಸೂರ್ಯ ಸಿಕ್ಕಿದರೆ ತಾರಸಿಗೆ ಅದು ಇನ್ನೂ ಮೇಲು, ಆದರೆ ಚಿಲ್ಲರೆಯಾಗಿ ಸಿಗುವುದು ಕಷ್ಟ.

ತಂದ ಗೆಡ್ಡೆಯನ್ನು ಒಡನೆಯೇ ಹೂಳಬೇಡಿ. ನೇರ ಬಿಸಿಲು ಬೀಳದ, ಆದರೆ ಬೆಳಕಿರುವ ಜಾಗದಲ್ಲಿ ಮೊಟ್ಟೆಯ ಟ್ರೇಯಲ್ಲಿ ಕಣ್ಣು ಹೆಚ್ಚಿರುವ ತುದಿ ಮೇಲಾಗುವಂತೆ ಜೋಡಿಸಿ ಎರಡು ವಾರ ಬಿಡಿ. ಬೆಳಕಿನಲ್ಲಿ ಬಂದ ಮೊಳಕೆ ಗಿಡ್ಡಗೆ, ದಪ್ಪಗೆ, ನೇರಳೆ ಮಿಶ್ರಿತ ಹಸಿರಾಗಿರುತ್ತದೆ. ಕತ್ತಲಲ್ಲಿ ಬಂದದ್ದು ಬಿಳಿಚಿಕೊಂಡು ಉದ್ದವಾಗಿ, ಮುಟ್ಟಿದರೆ ಮುರಿಯುತ್ತದೆ. ಕೋಳಿಮೊಟ್ಟೆಯ ಗಾತ್ರದ ಇಡೀ ಗೆಡ್ಡೆ ನೆಡುವುದೇ ಕ್ಷೇಮ. ದೊಡ್ಡದನ್ನು ಕತ್ತರಿಸಲೇಬೇಕಾದರೆ ಪ್ರತಿ ಹೋಳಿನಲ್ಲಿ ಕನಿಷ್ಠ ಎರಡು ಕಣ್ಣು, 40–50 ಗ್ರಾಂ ತೂಕ ಇರಲಿ. ಕತ್ತರಿಸಿದ ಮುಖ ಒಣಗಿ ಪೊರೆ ಕಟ್ಟುವವರೆಗೆ ಎರಡು–ಮೂರು ದಿನ ನೆರಳಿನಲ್ಲಿ ಹರಡಿಡಿ.

ಇಳುವರಿಯ ಬಗ್ಗೆ ಒಂದು ಮಾತು. ನಮ್ಮ ದೇಶದ ಸರಾಸರಿ ಇಳುವರಿ ಹೆಕ್ಟೇರಿಗೆ ಸುಮಾರು 25 ಟನ್. ಸಾಲಿನಿಂದ ಸಾಲಿಗೆ 60, ಗಿಡದಿಂದ ಗಿಡಕ್ಕೆ 20 ಸೆಂಟಿಮೀಟರ್ ಅಂತರವೆಂದು ಹಿಡಿದರೆ ಒಂದು ಹೆಕ್ಟೇರಿನಲ್ಲಿ 83 ಸಾವಿರ ಗಿಡಗಳು ಕೂರುತ್ತವೆ, ಅಂದರೆ ಗಿಡವೊಂದಕ್ಕೆ 300 ಗ್ರಾಂ. ಎರಡು ಗೆಡ್ಡೆ ನೆಟ್ಟ ಚೀಲದಲ್ಲಿ ಮುಕ್ಕಾಲು ಕಿಲೋ ಸಿಕ್ಕಿದರೆ ನೀವು ಹೊಲದವರಿಗಿಂತ ಕಡಿಮೆಯೇನೂ ಬೆಳೆದಿಲ್ಲವೆಂದು ತಿಳಿಯಿರಿ. ಒಂದೇ ಚೀಲದಲ್ಲಿ ಹತ್ತು ಕಿಲೋ ಎಂದು ಹೇಳುವವರ ಮಾತಿಗೆ ಕಿವಿಗೊಡಬೇಡಿ.

ಉತ್ತರ 2: ಮಂಡ್ಯ, ಗದ್ದೆಬದಿಯ ಕೈತೋಟ

ಹಾಸನದ ಹಿರಿಯರು ಕಾಲದ ವಿಷಯವನ್ನು ಪೂರ್ತಿಯಾಗಿ ಹೇಳಿದ್ದಾರೆ, ಅದಕ್ಕೆ ನಾನು ಸೇರಿಸುವಂಥದ್ದು ಏನೂ ಇಲ್ಲ. ಚೀಲ ಮತ್ತು ಮಣ್ಣಿನ ಬಗ್ಗೆ ಮಾತ್ರ ಬರೆಯುತ್ತೇನೆ.

ಹದಿನೈದು ಅಂಗುಲ ಅಗಲ, ಅಷ್ಟೇ ಎತ್ತರದ ಚೀಲದಲ್ಲಿ ಸುಮಾರು 40 ಲೀಟರ್ ಮಣ್ಣು ಹಿಡಿಯುತ್ತದೆ. ಅದರಲ್ಲಿ ಎರಡು ಗೆಡ್ಡೆ, ಬಹಳವೆಂದರೆ ಮೂರು. ಹನ್ನೆರಡು ಅಂಗುಲದ ಚೀಲಕ್ಕೆ ಒಂದೇ ಸಾಕು. ಇಕ್ಕಟ್ಟಿನಲ್ಲಿ ಹೆಚ್ಚು ನೆಟ್ಟರೆ ಗೆಡ್ಡೆಯ ಸಂಖ್ಯೆ ಏರಬಹುದು, ಗಾತ್ರ ಏರುವುದಿಲ್ಲ. ನನ್ನ ಆಯ್ಕೆ ಕಪ್ಪು ಪ್ಲಾಸ್ಟಿಕ್ ಚೀಲವೂ ಅಲ್ಲ, ಬಣ್ಣದ ಬಕೆಟ್ಟೂ ಅಲ್ಲ, ಹಳೆಯ ಗೋಣಿಚೀಲ. ಗೋಣಿಯ ಮೈಯಿಂದ ತೇವ ಆರುತ್ತಿರುವುದರಿಂದ ಒಳಗಿನ ಮಣ್ಣು ಮಡಕೆಯ ನೀರಿನಂತೆ ತಂಪಾಗಿ ಉಳಿಯುತ್ತದೆ, ಹೆಚ್ಚಿನ ನೀರೂ ಸುಲಭವಾಗಿ ಬಸಿದು ಹೋಗುತ್ತದೆ. ಬಾಯಿಯನ್ನು ಹೊರಕ್ಕೆ ಎರಡು ಮಡಿಕೆ ಮಡಚಿ, ತಳದ ಎರಡು ಮೂಲೆಗಳನ್ನು ಒಳಕ್ಕೆ ತಳ್ಳಿ ಕೂರಿಸಿದರೆ ದುಂಡಗೆ ನಿಲ್ಲುತ್ತದೆ. ಒಂದು ಬೆಳೆಯ ಹೊತ್ತಿಗೆ ಅದು ಮಣ್ಣು ಹಿಡಿದು ಜೀರ್ಣವಾಗುತ್ತದೆ ನಿಜ, ಆದರೆ ಮೂರು ತಿಂಗಳ ಬೆಳೆಗೆ ಅಷ್ಟು ಬಾಳಿಕೆ ಸಾಕು. ಅಕ್ಕಿಯ ಬಿಳಿ ಪ್ಲಾಸ್ಟಿಕ್ ಚೀಲವೂ ನಡೆಯುತ್ತದೆ. ಬಿಳಿಯದಾದ್ದರಿಂದ ಕಡಿಮೆ ಕಾಯುತ್ತದೆ, ಆದರೆ ತಳದಲ್ಲಿ ಹತ್ತಾರು ತೂತು ಮಾಡಲೇಬೇಕು. ಅದನ್ನೇ ಎರಡನೆಯ ವರ್ಷಕ್ಕೂ ಎಳೆದರೆ ಬಿಸಿಲಿಗೆ ಪುಡಿಯಾಗಿ ಪ್ಲಾಸ್ಟಿಕ್ಕಿನ ಎಳೆಗಳೆಲ್ಲ ಮಣ್ಣಿಗೆ ಸೇರುತ್ತವೆ.

ಮಣ್ಣಿಗೆ ಕೆಮ್ಮಣ್ಣು ಒಂದು ಪಾಲು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ ಒಂದು ಪಾಲು, ತೊಳೆದ ತೆಂಗಿನ ನಾರಿನ ಪುಡಿ ಒಂದು ಪಾಲು, ಚೀಲಕ್ಕೆ ಎರಡು ಹಿಡಿ ಬೇವಿನ ಹಿಂಡಿ. ನಾರಿನ ಪುಡಿಯನ್ನು ತೊಳೆಯದೆ ಹಾಕಿದರೆ ಅದರ ಉಪ್ಪಿಗೆ ಎಲೆಯ ಅಂಚು ಸುಡುತ್ತದೆ. ನಾಲೆ ಬಯಲಿನ ಜಿಗುಟು ಗದ್ದೆಮಣ್ಣು ಇದಕ್ಕೆ ಬೇಡವೇ ಬೇಡ. ಅದು ಒಣಗಿದರೆ ಇಟ್ಟಿಗೆ, ನೆನೆದರೆ ಕೆಸರು, ಗೆಡ್ಡೆ ಸೊಟ್ಟಸೊಟ್ಟಗಾಗುತ್ತದೆ.

ಇನ್ನೊಂದು ಎಚ್ಚರ. ನಮ್ಮ ಕಡೆ ಯಾವ ಗಿಡಕ್ಕಾದರೂ ಒಲೆಯ ಬೂದಿ ಹಾಕುವ ರೂಢಿಯಿದೆ. ಆಲೂಗೆಡ್ಡೆ ಸ್ವಲ್ಪ ಹುಳಿ ಮಣ್ಣನ್ನು ಇಷ್ಟಪಡುವ ಬೆಳೆ, ರಸಸಾರ (pH) 5.5ರಿಂದ 6.5 ಇದ್ದರೆ ಅದಕ್ಕೆ ಹಿತ. ಬೂದಿ ಮಣ್ಣನ್ನು ಕ್ಷಾರದ ಕಡೆಗೆ ಎಳೆಯುತ್ತದೆ, ಕ್ಷಾರ ಹೆಚ್ಚಾದರೆ ಗೆಡ್ಡೆಯ ಮೈಮೇಲೆ ಒರಟು ಕಜ್ಜಿ ಏಳುತ್ತದೆ. ಕತ್ತರಿಸಿದ ಹೋಳಿಗೆ ಒಂದು ಚಿಟಿಕೆ ಸವರುವುದಕ್ಕೆ ನನ್ನ ಆಕ್ಷೇಪವಿಲ್ಲ, ಬುಟ್ಟಿಗಟ್ಟಲೆ ಸುರಿಯುವುದಕ್ಕೆ ಇದೆ. ಹಸಿ ಸಗಣಿಯಿಂದಲೂ ಕಜ್ಜಿ ಹೆಚ್ಚುತ್ತದೆ. ಗಡಸು ಬೋರ್‌ವೆಲ್ ನೀರಿಗಿಂತ ನಲ್ಲಿಯಲ್ಲಿ ಬರುವ ಕಾವೇರಿ ನೀರು ಅಥವಾ ಹಿಡಿದಿಟ್ಟ ಮಳೆನೀರು ಒಳ್ಳೆಯದು.

ಗಿಡ ಒಂದು ಗೇಣು ಬಂದ ಮೇಲೆ ಬುಡದ ಮಣ್ಣಿನ ಮೇಲೆ ಎರಡು ಅಂಗುಲ ದಪ್ಪಕ್ಕೆ ಕಬ್ಬಿನ ತರಗನ್ನೋ ಭತ್ತದ ಹುಲ್ಲನ್ನೋ ಹೊದಿಸಿ. ಮಂಡ್ಯದಲ್ಲಿ ಇವೆರಡಕ್ಕೂ ಬರವಿಲ್ಲ. ನೀವು ಮೈಸೂರಿನವರು ಶ್ರೀರಂಗಪಟ್ಟಣ ದಾಟಿ ಬಂದರೆ ರಸ್ತೆಬದಿಯ ಗದ್ದೆಗಳಲ್ಲೇ ಕೇಳಿ ಪಡೆಯಬಹುದು. ಚೀಲದ ಪಡುವಣ ಮಗ್ಗುಲಿಗೆ ಸೊಪ್ಪಿನ ಕುಂಡಗಳನ್ನು ಸಾಲಾಗಿ ಇಟ್ಟರೆ ಸಂಜೆಬಿಸಿಲು ಚೀಲದ ಮೈಗೆ ನೇರವಾಗಿ ತಾಗದು. ಎಲೆಗೆ ಮಾತ್ರ ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೇಕು.

ತೂಕವನ್ನು ಮರೆಯಬೇಡಿ. ನೀರು ಕುಡಿದ 40 ಲೀಟರ್ ಚೀಲ 35 ಕಿಲೋಗೆ ಕಡಿಮೆ ತೂಗುವುದಿಲ್ಲ. ಜನ ಓಡಾಡುವ ತಾರಸಿಗೆ ಸಾಮಾನ್ಯವಾಗಿ ಚದರ ಮೀಟರಿಗೆ 150 ಕಿಲೋ ಹೊರೆಯ ಲೆಕ್ಕದಲ್ಲಿ ವಿನ್ಯಾಸ ಮಾಡಿರುತ್ತಾರೆ. ಚೀಲಗಳನ್ನು ನಡುವೆ ಒತ್ತೊತ್ತಾಗಿ ಗುಡ್ಡೆ ಹಾಕದೆ, ಕೆಳಗೆ ಗೋಡೆ ಅಥವಾ ತೊಲೆ ಇರುವ ಕಡೆ, ಇಟ್ಟಿಗೆಗಳ ಮೇಲೆ ಏರಿಸಿ, ಬಿಡಿಬಿಡಿಯಾಗಿ ಇಡಿ.

ಉತ್ತರ 3: ಹವ್ಯಾಸಿ, ಸರಸ್ವತಿಪುರಂ

ಉಳಿದೆಲ್ಲ ಒಪ್ಪಿಗೆಯೇ. ಆದರೆ ಗೋಪುರದ ವಿಷಯವನ್ನು ಯಾರೂ ಮುಟ್ಟಲಿಲ್ಲ. ಕಾಂಡವನ್ನು ಹೂತಷ್ಟೂ ಗಿಣ್ಣುಗಳಿಂದ ಕವಲೊಡೆಯುತ್ತದೆ ಎಂದಾದರೆ, ಮಣ್ಣು ಏರಿಸಿದಷ್ಟೂ ಗೆಡ್ಡೆ ಹೆಚ್ಚಬೇಕಲ್ಲವೇ? ಮೇಲಿನ ಉತ್ತರದಲ್ಲಿ ಕೊಟ್ಟ ವಿವರಣೆಯೇ ಗೋಪುರದ ಪರವಾಗಿದೆ ಎಂದು ನನಗೆ ತೋರುತ್ತದೆ.

ಉತ್ತರ 1ರವರಿಂದ ಮತ್ತೆ: ವಿಜಯನಗರ

ಒಳ್ಳೆಯ ಪ್ರಶ್ನೆ, ಬಿಟ್ಟುಹೋದದ್ದನ್ನು ನೆನಪಿಸಿದಿರಿ. ತರ್ಕ ಸರಿಯಾಗಿದೆ, ಗಿಡದ ವೇಳಾಪಟ್ಟಿ ಅದಕ್ಕೆ ಒಪ್ಪುವುದಿಲ್ಲ. 90–100 ದಿನಗಳಲ್ಲಿ ಮುಗಿಯುವ ನಮ್ಮ ತಳಿಗಳು ಗೆಡ್ಡೆಗೆ ಬೇಕಾದ ಕವಲುಗಳನ್ನು ಮೊದಲ ನಾಲ್ಕಾರು ವಾರಗಳಲ್ಲೇ, ನೆಟ್ಟ ಗೆಡ್ಡೆಗೆ ಹತ್ತಿರದ ಗಿಣ್ಣುಗಳಿಂದ ಹೊರಡಿಸಿ ಮುಗಿಸಿರುತ್ತವೆ. ಆಮೇಲೆ ಮಾಡುವುದೆಲ್ಲ ಅವನ್ನು ದಪ್ಪ ಮಾಡುವ ಕೆಲಸ. ತಡವಾಗಿ ಹೂತ ಮೇಲಿನ ಕಾಂಡದಿಂದ ಕವಲು ಬಂದರೂ ಅದು ಗೆಡ್ಡೆಯಾಗಿ ಬಲಿಯುವಷ್ಟು ಆಯುಷ್ಯ ಗಿಡಕ್ಕೆ ಉಳಿದಿರುವುದಿಲ್ಲ. ಬಹಳ ದೀರ್ಘಾವಧಿಯ ತಳಿಗಳಲ್ಲಿ, ಐದಾರು ತಿಂಗಳು ತಂಪಾಗಿರುವ ಹವೆಯಲ್ಲಿ ಒಂದಿಷ್ಟು ಲಾಭ ಸಿಗಬಹುದೇನೋ, ಮೈಸೂರಿನ ಎರಡು ತಿಂಗಳ ಚಳಿಯಲ್ಲಿ ಅದಕ್ಕೆ ಅವಕಾಶವಿಲ್ಲ. ಅಲ್ಲದೆ ಎಲೆಗಳನ್ನು ಮತ್ತೆ ಮತ್ತೆ ಹೂಳುತ್ತಾ ಹೋದರೆ ಆಹಾರ ತಯಾರಿಸುವ ಭಾಗವನ್ನೇ ನಾವು ಕಡಿಮೆ ಮಾಡಿದಂತಾಗುತ್ತದೆ.

ಆದರೆ ಇದರಿಂದ ಮಣ್ಣೇರಿಸುವುದೇ ಬೇಡವೆಂದು ಅರ್ಥವಲ್ಲ. ಗೆಡ್ಡೆ ದಪ್ಪವಾಗುತ್ತಾ ಮಣ್ಣನ್ನು ಸೀಳಿ ಮೇಲಕ್ಕೆ ಬರುತ್ತದೆ. ಬೆಳಕು ಬಿದ್ದ ಭಾಗ ಹಸಿರಾಗಿ ತಿನ್ನಲು ಯೋಗ್ಯವಲ್ಲದಂತಾಗುತ್ತದೆ. ಮಣ್ಣೇರಿಸುವುದು ಮುಖ್ಯವಾಗಿ ಇದನ್ನು ತಡೆಯುವುದಕ್ಕಾಗಿ. ಚೀಲವನ್ನು ಮೊದಲು ಅರ್ಧದಷ್ಟು ತುಂಬಿಸಿ, ಗೆಡ್ಡೆಯನ್ನು ಮೂರು–ನಾಲ್ಕು ಅಂಗುಲ ಆಳದಲ್ಲಿ ನೆಡಿ. ಗಿಡ ಆರೇಳು ಅಂಗುಲ ಬಂದಾಗ ಒಂದು ಸಲ, ಮತ್ತೆರಡು ವಾರ ಬಿಟ್ಟು ಇನ್ನೊಂದು ಸಲ ಮಣ್ಣು, ಎರೆಗೊಬ್ಬರದ ಮಿಶ್ರಣ ಏರಿಸಿ ಚೀಲದ ಬಾಯಿಯವರೆಗೆ ತನ್ನಿ. ಅಷ್ಟಕ್ಕೆ ನಿಲ್ಲಿಸಿ. ಎರಡನೆಯ ಸಲ ಮಣ್ಣೇರಿಸಿದ ಮೇಲೆ ಯೂರಿಯಾ, ಹಿಂಡಿ ನೀರು ಮುಂತಾದ ಸಾರಜನಕದ ಗೊಬ್ಬರಗಳನ್ನು ಕೈಬಿಡಿ. ಕೊಡಲೇಬೇಕೆನಿಸಿದರೆ ಪೊಟ್ಯಾಷ್ ಕೊಡಿ, ಸಲ್ಫೇಟ್ ರೂಪದ್ದಾದರೆ ಒಳ್ಳೆಯದು. ಸಾರಜನಕ ಹೆಚ್ಚಾದರೆ ಡಿಸೆಂಬರ್‌ನಲ್ಲೂ ಗಿಡ ಏಪ್ರಿಲ್‌ನ ಗಿಡದಂತೆಯೇ ವರ್ತಿಸುತ್ತದೆ: ಎಲೆ ತುಂಬ, ಬುಡ ಖಾಲಿ.

ಪ್ರಶ್ನೆ ಕೇಳಿದವರಿಂದ: ಕುವೆಂಪುನಗರ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ನವೆಂಬರ್ ಮೊದಲ ವಾರಕ್ಕೆಂದು ನಿಶ್ಚಯಿಸಿದ್ದೇನೆ, ಗೋಣಿಚೀಲಗಳನ್ನೂ ಹೇಳಿಟ್ಟಿದ್ದೇನೆ. ಇನ್ನೂ ಎರಡು ಸಂದೇಹಗಳಿವೆ. ನನ್ನಲ್ಲಿ ಹಿಂದಿನ ಟೊಮೆಟೊ ಚೀಲಗಳ ಮಣ್ಣು ಸಾಕಷ್ಟಿದೆ, ಅದನ್ನೇ ಬಳಸಬಹುದೇ? ಬುಟ್ಟಿಯಲ್ಲಿ ಮೊಳೆತಿರುವ ಕೆಲವು ಗೆಡ್ಡೆಗಳು ಹಸಿರಾಗಿವೆ, ಅವನ್ನು ನೆಟ್ಟರೆ ಮುಂದೆ ಬರುವ ಗೆಡ್ಡೆಯೂ ವಿಷವಾಗುತ್ತದೆಯೇ?

ಉತ್ತರ 4: ಸಸ್ಯರೋಗಶಾಸ್ತ್ರ ಓದಿದವರು, ಮಂಡ್ಯ

ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ. ಆಗುವುದಿಲ್ಲ. ಹಸಿರು ಬಣ್ಣ ಪತ್ರಹರಿತ್ತಿನದು, ಅದರಿಂದ ಅಪಾಯವಿಲ್ಲ. ಆದರೆ ಬೆಳಕಿಗೆ ಪತ್ರಹರಿತ್ತು ಹುಟ್ಟುವಾಗಲೇ ಸೋಲನೈನ್ ಎಂಬ ಕಹಿ ವಿಷವೂ ಹೆಚ್ಚುವುದರಿಂದ ಹಸಿರನ್ನು ನಾವು ಎಚ್ಚರಿಕೆಯ ಗುರುತಾಗಿ ಕಾಣುತ್ತೇವೆ. ಬೇಯಿಸಿದರೂ ಹುರಿದರೂ ಸೋಲನೈನ್ ಹೋಗುವುದಿಲ್ಲವಾದ್ದರಿಂದ ಅಂಥ ಗೆಡ್ಡೆಯನ್ನೂ ಮೊಳಕೆಗಳನ್ನೂ ತಿನ್ನಬಾರದು. ನೆಡುವುದಕ್ಕೆ ಯಾವ ಅಡ್ಡಿಯೂ ಇಲ್ಲ, ಮಣ್ಣಿನ ಕತ್ತಲಲ್ಲಿ ಹುಟ್ಟುವ ಹೊಸ ಗೆಡ್ಡೆ ಶುದ್ಧವಾಗಿಯೇ ಇರುತ್ತದೆ. ಗಿಡದಲ್ಲಿ ಹೂ ಬಿಟ್ಟು ಚಿಕ್ಕ ಟೊಮೆಟೊದಂಥ ಹಸಿರು ಕಾಯಿ ಕಚ್ಚಿದರೆ ಅದೂ ವಿಷವೇ. ಮನೆಯಲ್ಲಿ ಮಕ್ಕಳಿದ್ದರೆ ಕಿತ್ತು ಎಸೆಯಿರಿ.

ಟೊಮೆಟೊ ಮಣ್ಣು ಬೇಡ. ಟೊಮೆಟೊ, ಬದನೆ, ಮೆಣಸಿನಕಾಯಿ, ಆಲೂಗೆಡ್ಡೆ, ಹುಣಸೂರು–ಪಿರಿಯಾಪಟ್ಟಣದ ಹೊಗೆಸೊಪ್ಪು ಎಲ್ಲವೂ ಒಂದೇ ಕುಟುಂಬದವು, ಹಲವು ರೋಗಗಳೂ ಅವುಗಳಿಗೆ ಸಮಾನ. ನಾನು ಹೆಚ್ಚು ಹೆದರುವುದು ದುಂಡಾಣು ಸೊರಗು ರೋಗಕ್ಕೆ. ಮಣ್ಣಿನಲ್ಲಿ ತೇವವಿದ್ದರೂ ಎಲೆ ಹಸಿರಾಗಿರುವಾಗಲೇ ಮಧ್ಯಾಹ್ನ ಗಿಡ ಜೋತು ಬೀಳುತ್ತದೆ, ಸಂಜೆಗೆ ಸ್ವಲ್ಪ ಚೇತರಿಸಿಕೊಂಡಂತೆ ಕಾಣುತ್ತದೆ, ಕೆಲವೇ ದಿನಗಳಲ್ಲಿ ಪೂರ್ತಿ ಬಾಡುತ್ತದೆ. ಖಚಿತಪಡಿಸಿಕೊಳ್ಳಲು ಪ್ರಯೋಗಾಲಯ ಬೇಕಿಲ್ಲ. ಬುಡದ ಹತ್ತಿರದ ಕಾಂಡದ ಒಂದು ತುಂಡನ್ನು ಕತ್ತರಿಸಿ, ಗಾಜಿನ ಲೋಟದ ತಿಳಿನೀರಿನಲ್ಲಿ ಕತ್ತರಿಸಿದ ತುದಿ ಮುಳುಗುವಂತೆ ಅಲುಗಿಸದೆ ನೇತುಬಿಡಿ. ರೋಗವಿದ್ದರೆ ಕೆಲವೇ ನಿಮಿಷಗಳಲ್ಲಿ ಆ ತುದಿಯಿಂದ ಹಾಲಿನಂಥ ಬಿಳಿ ಎಳೆ ನೀರಿನೊಳಕ್ಕೆ ನೇರವಾಗಿ ಇಳಿಯುತ್ತದೆ. ಅದನ್ನು ಕಂಡ ಮೇಲೆ ಔಷಧಿ ಹುಡುಕಬೇಡಿ, ಇಲ್ಲ. ಗಿಡವನ್ನು ಮಣ್ಣು ಸಮೇತ ಹೊರಗೆ ಸಾಗಿಸಿ, ಆ ಚೀಲದ ನೀರು ಬೇರೆ ಚೀಲಗಳಿಗೆ ಹರಿಯದಂತೆ ನೋಡಿಕೊಳ್ಳಿ. ಈ ಸಲ ಸೊಪ್ಪು ಅಥವಾ ಹುರುಳಿಕಾಯಿ ಬೆಳೆದಿದ್ದ ಮಣ್ಣನ್ನು ಆಲೂಗೆಡ್ಡೆಗೆ ಕೊಡಿ. ಟೊಮೆಟೊ ಮಣ್ಣನ್ನು ಏಪ್ರಿಲ್‌ನಲ್ಲಿ ನೆನೆಸಿ, ತೆಳುವಾಗಿ ಹರಡಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಗಾಳಿಯಾಡದಂತೆ ಹೊದಿಸಿ ನಾಲ್ಕಾರು ವಾರ ಬಿಸಿಲಿಗೆ ಬಿಟ್ಟರೆ ರೋಗಾಣು, ಕಳೆಬೀಜ, ಹುಳುವಿನ ಮೊಟ್ಟೆ ಬಹುಮಟ್ಟಿಗೆ ಸಾಯುತ್ತವೆ. ಆಮೇಲೆ ಅದು ಸೊಪ್ಪಿಗಾಗುತ್ತದೆ.

ಎರಡನೆಯ ಶತ್ರು ಅಂಗಮಾರಿ. ನವೆಂಬರ್–ಡಿಸೆಂಬರ್‌ನಲ್ಲಿ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದಿಂದ ಎರಡು–ಮೂರು ದಿನ ಜಿಟಿಜಿಟಿ ಮಳೆ ಹಿಡಿದು, ಮೇಲೆ ಮಂಜೂ ಸೇರಿದರೆ ಅದಕ್ಕೆ ಹಬ್ಬ. ಎಲೆಯ ಅಂಚಿನಲ್ಲಿ ಬಿಸಿನೀರು ಬಿದ್ದಂತೆ ಕಪ್ಪು ಮಚ್ಚೆ ಮೂಡುತ್ತದೆ. ಬೆಳಗಿನ ಜಾವ ಎಲೆ ತಿರುಗಿಸಿ ನೋಡಿದರೆ ಮಚ್ಚೆಯ ಅಂಚಿಗೆ ಬೂಷ್ಟಿನಂಥ ಬಿಳಿ ಪುಡಿ ಕಾಣುತ್ತದೆ. ಕುಫ್ರಿ ಜ್ಯೋತಿಗೆ ಬಿಡುಗಡೆಯಾದ ಕಾಲದಲ್ಲಿ ಈ ರೋಗ ತಡೆಯುವ ಶಕ್ತಿ ಇತ್ತು, ಈಗ ಅದನ್ನು ನಂಬುವಂತಿಲ್ಲ. ತಾರಸಿಯವರಿಗೆ ಹೊಲದವರಿಗಿಲ್ಲದ ಒಂದು ಅನುಕೂಲವಿದೆ: ಮಳೆ ಹಿಡಿದಾಗ ಚೀಲಗಳನ್ನು ಸಜ್ಜದ ಕೆಳಗೋ ಮೆಟ್ಟಿಲ ಕೋಣೆಯೊಳಗೋ ಎಳೆದಿಡಬಹುದು. ಎಲೆ ನೆನೆಯದಿದ್ದರೆ ರೋಗ ಹರಡಲಾರದು. ಅದೇ ಕಾರಣಕ್ಕೆ ನೀರನ್ನು ಬೆಳಿಗ್ಗೆ, ಬುಡಕ್ಕೆ ಮಾತ್ರ ಹಾಕಿ. ಮೋಡ ಮುಸುಕುವ ಮುನ್ಸೂಚನೆಯಿದ್ದರೆ ಮೊದಲೇ ಲೀಟರಿಗೆ 2 ಗ್ರಾಂ ಮ್ಯಾಂಕೋಜೆಬ್ ಅಥವಾ ಶೇಕಡ 1ರ ಬೋರ್ಡೋ ದ್ರಾವಣ ಸಿಂಪಡಿಸಬಹುದು. ಕಾಣಿಸಿಕೊಂಡ ಮೇಲೆ ಸಿಂಪಡಿಸಿದರೆ ಪ್ರಯೋಜನ ಅಲ್ಪ. ಕೆಳಗಿನ ಹಳೆಯ ಎಲೆಗಳಲ್ಲಿ ವೃತ್ತದೊಳಗೆ ವೃತ್ತವಿರುವ ಕಂದು ಚುಕ್ಕೆ ಬಂದರೆ ಅದು ಬೇರೆ ರೋಗ, ಅಷ್ಟು ಗಾಬರಿ ಬೇಡ, ಆ ಎಲೆಗಳನ್ನು ಚಿವುಟಿ ತೆಗೆದರೆ ಸಾಕು.

ನೀರಿನಲ್ಲಿ ಏರುಪೇರಾಗದಂತೆ ನೋಡಿಕೊಳ್ಳಿ. ನಾಲ್ಕು ದಿನ ಒಣಗಲು ಬಿಟ್ಟು ಐದನೆಯ ದಿನ ಚೀಲ ತುಂಬ ಸುರಿದರೆ ಗೆಡ್ಡೆಗೆ ಹೊಸ ಗಂಟು ಮೂಡುತ್ತದೆ, ಮೈ ಬಿರಿಯುತ್ತದೆ, ಕೆಲವೊಮ್ಮೆ ನಡುವೆ ಟೊಳ್ಳಾಗುತ್ತದೆ. ಬೆರಳನ್ನು ಎರಡು ಗಿಣ್ಣಿನಷ್ಟು ಮಣ್ಣಿಗೆ ಇಳಿಸಿ, ತುದಿಗೆ ತೇವ ತಾಗದಿದ್ದರೆ ಮಾತ್ರ ನೀರು ಹಾಕಿ. ಎಲೆ ಹಳದಿಯಾಗಿ ಗಿಡ ಬಾಗತೊಡಗಿದಾಗ ನೀರು ನಿಲ್ಲಿಸಿ, ಕಾಂಡವನ್ನು ಬುಡದವರೆಗೆ ಕತ್ತರಿಸಿ, ಹತ್ತು ದಿನ ಬಿಟ್ಟು ಚೀಲ ಮಗುಚಿ. ಆ ಹತ್ತು ದಿನಗಳಲ್ಲಿ ಸಿಪ್ಪೆ ಗಟ್ಟಿಯಾಗುತ್ತದೆ.

ಪ್ರಶ್ನೆ ಕೇಳಿದವರಿಂದ: ಕುವೆಂಪುನಗರ

ಕೊನೆಯ ಒಂದು ಮಾತು. ಫೆಬ್ರವರಿಯಲ್ಲಿ ಬಂದ ಗೆಡ್ಡೆಯಲ್ಲಿ ಸ್ವಲ್ಪ ಎತ್ತಿಟ್ಟು ಮುಂದಿನ ನವೆಂಬರ್‌ಗೆ ಬಿತ್ತನೆ ಮಾಡಿಕೊಳ್ಳಬಹುದೇ?

ಉತ್ತರ 1ರವರಿಂದ: ವಿಜಯನಗರ

ಮನೆಯಲ್ಲಿ ಸಾಧ್ಯವಾಗದು. ಫೆಬ್ರವರಿಯ ಗೆಡ್ಡೆಗೆ ಏಪ್ರಿಲ್ ಕೊನೆಗೇ ನಿದ್ದೆ ತಿಳಿದು ಮೊಳಕೆ ಬರುತ್ತದೆ, ನವೆಂಬರ್ ಹೊತ್ತಿಗೆ ಸುಕ್ಕಿ ಒಣಗಿರುತ್ತದೆ. ಬಿತ್ತನೆಯವರು 2–4 ಡಿಗ್ರಿಯ ಶೀತಗೃಹದಲ್ಲಿ ಇಡುವುದರಿಂದ ಮಾತ್ರ ಅವರದು ಉಳಿಯುತ್ತದೆ. ಮೇಲಾಗಿ ಗಿಡಹೇನು ಹರಡುವ ನಂಜುರೋಗಗಳು ಬಯಲುಸೀಮೆಯ ಗೆಡ್ಡೆಯೊಳಗೆ ಸೇರಿಕೊಂಡು ಪೀಳಿಗೆಯಿಂದ ಪೀಳಿಗೆಗೆ ಇಳುವರಿ ಇಳಿಸುತ್ತವೆ. ಹಾಸನದ ರೈತರೂ ಸ್ವಂತ ಗೆಡ್ಡೆ ಇಟ್ಟುಕೊಳ್ಳದೆ ಪ್ರತಿ ವರ್ಷ ಪಂಜಾಬಿನ ಜಲಂಧರ್ ಕಡೆಯ ಬಿತ್ತನೆ ತರಿಸುವುದು ಇದಕ್ಕಾಗಿಯೇ. ನಿಮ್ಮ ಬೆಳೆಯನ್ನು ತೊಳೆಯದೆ, ಮಣ್ಣು ಕೊಡವಿ, ಗಾಳಿಯಾಡುವ ಬುಟ್ಟಿಯಲ್ಲಿ ಕತ್ತಲಲ್ಲಿಟ್ಟು ಯುಗಾದಿಯ ಆಸುಪಾಸಿಗೆ ತಿಂದು ಮುಗಿಸಿ. ಹೊಸ ಬಿತ್ತನೆಗೆ ಅಕ್ಟೋಬರ್ ಮೊದಲ ವಾರದಲ್ಲೇ ಹೇಳಿಡಿ, ಎರಡು ವಾರ ಮೊಳಕೆಗೆ ಇಡಬೇಕಾದದ್ದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.